ಅಡಿಗಲ್ಲಿನ ಎತ್ತರ

ಕುಲುಮೆಗೆಂದು ಹೊಸ ಅಡಿಗಲ್ಲು ಮನೆಗೆ ಬಂದ ದಿನ ಸುಂದ್ರಮ್ಮ ಹದಿನೆಂಟು ಲೋಟ ಟೀ ಕಾಯಿಸಿದಳು. ಹತ್ತೊಂಬತ್ತನೆಯವನಾಗಿ ಮೂಗಯ್ಯ ಬರುವ ಹೊತ್ತಿಗೆ ಹಾಲು ಮುಗಿದಿತ್ತು. ಅವನಿಗೆ ಬೆಲ್ಲ ಹಾಕಿದ ಕರಿಟೀ ಕೊಟ್ಟು, ಲೋಟ ತೊಳೆಯುವುದಕ್ಕೆ ಈ ಮನೆಯಲ್ಲಿ ಇರುವುದು ತಾನೊಬ್ಬಳೇ ಅಂದಳು. ಮೂಗಯ್ಯ ಅದನ್ನು ತಮಾಷೆ ಅಂದುಕೊಂಡು ನಕ್ಕ.

ಉಡಿಗಾಲದಲ್ಲಿ ಇದ್ದದ್ದು ದೊರೆಸ್ವಾಮಿಯ ಕುಲುಮೆ ಒಂದೇ. ಕುಡುಗೋಲು, ಮಚ್ಚು, ಗುದ್ದಲಿ, ಯಾವುದು ಮೊಂಡಾದರೂ ಊರಿನವರು ಅವನ ಬಾಗಿಲಿಗೇ ಬರಬೇಕು. ಊರಿಗೆ ಅವನು ಬರೀ ಆಚಾರಿ, ಅವನ ಹೆಂಡತಿ ಸುಂದ್ರಮ್ಮ ಆಚಾರಮ್ಮ. ಕಾದ ಕಬ್ಬಿಣವನ್ನಿಟ್ಟು ಬಡಿಯುತ್ತಿದ್ದ ಹಳೆಯ ಅಡಿಗಲ್ಲು ಅವನ ತಾತನ ಕಾಲದ್ದು. ನಡುವೆ ಸವೆದು ಊಟದ ತಟ್ಟೆಯ ಹಾಗೆ ತಗ್ಗಾಗಿತ್ತು. ಹೊಸದು ಬೇಕಾಗಿದ್ದು ನಿಜ. ಸುಂದ್ರಮ್ಮನೂ ಅದನ್ನು ಬೇಡ ಅಂದಿರಲಿಲ್ಲ. ಕುಲುಮೆಯ ಮೇಲಿನ ಶೀಟು ಬದಲಿಸಲು ಎತ್ತಿಟ್ಟಿದ್ದ ದುಡ್ಡನ್ನು ಅದಕ್ಕೇ ಹಾಕುತ್ತೇನೆ ಎಂದಾಗಲೂ, ಮಳೆಗಾಲ ಇನ್ನೂ ದೂರ ಇದೆ ಎಂದು ಸುಮ್ಮನಾಗಿದ್ದಳು.

ಎರಡು ಸಾವಿರದ ಆರನೆಯ ಇಸವಿ, ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇತ್ತು. ಗುಂಡ್ಲುಪೇಟೆಯಲ್ಲಿ ಲಾರಿಗಳ ಕಮಾನುಪಟ್ಟಿ ಕಟ್ಟುವ ಖಲೀಲ್ ಸಾಬರು ಅದನ್ನು ಕೊಯಮತ್ತೂರಿನಿಂದ ತರಿಸಿಕೊಟ್ಟಿದ್ದರು. ಮಚ್ಚು ಮಾಡಲು ಹಳೆಯ ಪಟ್ಟಿ ಕೊಳ್ಳುವುದಕ್ಕೆಂದು ದೊರೆಸ್ವಾಮಿ ಅವರ ವರ್ಕ್‌ಶಾಪಿಗೆ ಹೋಗಿಬರುವುದು ಮೊದಲಿನಿಂದಲೂ ಇತ್ತು. ಅಲ್ಲಿ ಎಲ್ಲರೂ ನಿಂತು ಕೆಲಸ ಮಾಡುತ್ತಿದ್ದರು. ಪ್ಯಾಂಟು ಹಾಕಿಕೊಂಡು, ಸೊಂಟ ಬಗ್ಗಿಸದೆ. ಅವನು ತನ್ನ ಕುಲುಮೆಯಲ್ಲಿ ಮೂವತ್ತು ವರ್ಷದಿಂದ ಗೋಣಿತಾಟಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಇಕ್ಕುಳ ಹಿಡಿದವನು. ಸಾಬರ ವರ್ಕ್‌ಶಾಪಿನಿಂದ ಬಂದ ದಿನವೆಲ್ಲ ಅವನಿಗೆ ಮೊಣಕಾಲು ನೋವು ಹೆಚ್ಚಾಗುತ್ತಿತ್ತು.

ನೂರ ಇಪ್ಪತ್ತು ಕೆಜಿ ಕಬ್ಬಿಣ. ಲಗೇಜು ಆಟೋದಿಂದ ಇಳಿಸಲು ನಾಲ್ಕು ಜನ ಬೇಕಾಯಿತು. ಮೈಗೆಲ್ಲ ನೀಲಿ ಬಣ್ಣ, ಒಂದು ಕಡೆ ಉದ್ದನೆಯ ಕೊಂಬು, ಮೇಲ್ಮುಖ ಮಾತ್ರ ಉಜ್ಜಿದ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ದೊರೆಸ್ವಾಮಿ ಅದರ ಮೇಲೆ ಒಂದು ಬೇರಿಂಗ್ ಗುಂಡನ್ನು ಬೀಳಿಸುತ್ತಿದ್ದ. ಗುಂಡು ಟಿಣ್ ಎಂದು ಎಗರಿ ಮತ್ತೆ ಅವನ ಅಂಗೈಗೇ ಬರುತ್ತಿತ್ತು. ಬಂದವರಿಗೆಲ್ಲ ಅದೇ ಆಟ, ಅದೇ ಮಾತು. ಸಂಜೆಯ ಹೊತ್ತಿಗೆ ಅವನ ತಾಯಿ ದೊಡ್ಡಮಾದಮ್ಮನಿಗೆ ಸಾಕಾಗಿಹೋಯಿತು. ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಮುದುಕಿ ಕೇಳಿದಳು:

"ಅದೇನ್ಲಾ ಮಗ, ಗುಂಡು ಎಗರ್ಸಕ್ಕ ತಂದಿದ್ದಯೋ ಗುದ್ದಲಿ ತಟ್ಟಕ್ಕ ತಂದಿದ್ದಯೋ?"

"ನೋಡವ್ವ ಸುಮ್ನ. ಈ ತಾಲ್ಲೂಕಲ್ಲೇ ಇಂತದ್ ಇಲ್ಲ."

"ಇಲ್ದೆ ಇದ್ರ ಬುಡು. ಇಷ್ಟ್ ದಿನ ತಾಲ್ಲೂಕು ನಡ್ದದಲ್ಲ."

ಒಳ್ಳೆಯ ದಿನ ಬರುವ ತನಕ ಅಡಿಗಲ್ಲು ಪಡಸಾಲೆಯಲ್ಲೇ ಇರಬೇಕೆಂದು ದೊರೆಸ್ವಾಮಿ ತೀರ್ಮಾನಿಸಿದ. ಹಾಗಾಗಿ ಮನೆಯವರೆಲ್ಲ ಹತ್ತು ದಿನ ಅದನ್ನು ಸುತ್ತಿಬಳಸಿ ಓಡಾಡಿದರು. ಚಾಮರಾಜನಗರದಲ್ಲಿ ಬಿ.ಎ. ಓದುತ್ತಿದ್ದ ಮಗಳು ಭಾಗ್ಯ ಏಳು ಗಂಟೆಯ ಬಸ್ಸಿಗೆ ಓಡುವಾಗ ಎರಡು ಸಲ ಕಾಲ್ಬೆರಳು ಜಜ್ಜಿಕೊಂಡಳು. ತುಕ್ಕು ಹಿಡಿಯಬಾರದೆಂದು ದೊರೆಸ್ವಾಮಿ ದಿನಾ ಬೆಳಿಗ್ಗೆ ಅದರ ಮುಖಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದ. ಮೂರನೆಯ ದಿನ ಸುಂದ್ರಮ್ಮ ತಲೆ ಬಾಚಲು ಕೂತಾಗ ಬಾಟಲಿಯಲ್ಲಿ ತಳ ಕಾಣುತ್ತಿತ್ತು. ಹೆಂಡತಿಯ ತಲೆ ಒಣಗಿದ್ದು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಈ ಗಂಡಸಿಗೆ ಕಂಡಿಲ್ಲವಲ್ಲ ಎಂದು ಮಗಳ ಹತ್ತಿರ ಹೇಳಿದಳು. ಅಪ್ಪನಿಗೆ ಕೇಳಿಸಲಿ ಎಂದೇ ಹೇಳಿದ್ದು. ಅವನು ಕೇಳಿಸಿಕೊಂಡು, ಬಾಟಲಿ ಮುಚ್ಚಿಡಮ್ಮಿ, ಇರುವೆ ಬರುತ್ತವೆ ಅಂದ.

ಸಂಕ್ರಾಂತಿಯ ಮಾರನೆಯ ದಿನ ಸುಂದ್ರಮ್ಮ ಪುಣಜನೂರಿಗೆ ಹೊರಟಳು. ಅಲ್ಲಿ ಅವಳ ಅಕ್ಕ ಚಿಕ್ಕಮಲ್ಲಮ್ಮನ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರ. ಎರಡು ದಿನಕ್ಕೆಂದು ಹೋದವಳು, ಸತ್ಯಮಂಗಲದ ರಸ್ತೆಯಲ್ಲಿ ಆನೆ ನಿಂತು ಬಸ್ಸು ಬರದೆ, ನಾಲ್ಕನೆಯ ದಿನ ಮಧ್ಯಾಹ್ನ ವಾಪಸು ಬಂದಳು. ಚೀಲವನ್ನು ಜಗಲಿಯ ಮೇಲಿಟ್ಟಳು. ಪಡಸಾಲೆ ಖಾಲಿಯಾಗಿತ್ತು. ಅಬ್ಬ, ಜಾಗ ಆಯಿತಲ್ಲ ಎಂದುಕೊಂಡು ಹಿತ್ತಲ ಕಡೆಯ ಕುಲುಮೆಗೆ ಹೋದಳು.

ಹಳೆಯ ಅಡಿಗಲ್ಲನ್ನೂ ಅದನ್ನು ಕೂರಿಸಿದ್ದ ಹುಣಸೆ ಕೊರಡನ್ನೂ ಕಿತ್ತು ಗೋಡೆಯ ಬದಿಗೆ ಉರುಳಿಸಿದ್ದರು. ಆ ಜಾಗದಲ್ಲಿ ಮೊಣಕಾಲಿಗಿಂತ ತುಸು ಎತ್ತರದ ಸಿಮೆಂಟಿನ ಕಟ್ಟೆ ಎದ್ದಿತ್ತು. ಅದರ ಮೇಲೆ ಹೊಸ ಅಡಿಗಲ್ಲು. ಅದರ ಪಾದಗಳ ಸುತ್ತ ಮತ್ತೆ ಸಿಮೆಂಟು ಮೆತ್ತಿ, ಕರಣೆಯಲ್ಲಿ ನುಣ್ಣಗೆ ತೀಡಿದ್ದರು. ಅಡಿಗಲ್ಲಿನ ಮುಖ ಅವಳ ಸೊಂಟಕ್ಕೆ ಬರುತ್ತಿತ್ತು. ಕಟ್ಟೆಯ ಮುಂಭಾಗದಲ್ಲಿ ದೊರೆಸ್ವಾಮಾಚಾರಿ ಎಂಬ ಹೆಸರು, ಇಸವಿ. ಅಕ್ಷರ ಭಾಗ್ಯಳದು.

ದೊರೆಸ್ವಾಮಿ ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಎಂಗದ?" ಅಂದ.

"ಯಾರ್ನ ಕೇಳ್ಕಂಡು ಮಾಡ್ಸ್‌ದೆ?"

"ನನ್ ಕುಲುಮೆ. ನಾ ಯಾರ್ನ ಕೇಳ್ಬೇಕು?"

"ಸಮ್ಟಿಗೆ ಎತ್ತೋಳು ಯಾರು?"

"ನೀನೇ. ಇನ್ಯಾರ್ ಬತ್ತರ."

"ನಾನಾದ್ರ ನನ್ ನಿಲ್ಸಿ ಅಳತೆ ತಕಬೇಕಾಗಿತ್ತು ಕಣ. ಇದ್ಯಾವೋನ್ ಅಳತೆ?"

ಅವನು ಮೆಚ್ಚುಗೆಯ ಮಾತಿಗೆ ಕಾದಿದ್ದವನು. ಮುಖ ಸಿಂಡರಿಸಿಕೊಂಡ. ಗುಂಡ್ಲುಪೇಟೆಯಲ್ಲಿ ಇಷ್ಟೇ ಎತ್ತರ ಇರುವುದು, ದೊಡ್ಡ ವರ್ಕ್‌ಶಾಪುಗಳಲ್ಲೆಲ್ಲ ಇಷ್ಟೇ, ನಾಲ್ಕು ದಿನ ಅಭ್ಯಾಸ ಆದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿದ. ಸಿಮೆಂಟಿಗೆ ನೀರು ಹಾಕಿ ಅಂತ ಹೇಳಿ ಒಳಗೆ ಹೋದ.

ಆ ಮನೆಯಲ್ಲಿ ಕೆಲಸ ನಡೆಯುತ್ತಿದ್ದ ಕ್ರಮ ಹೀಗೆ: ಗಂಡ ಕಾದ ಕಬ್ಬಿಣವನ್ನು ಇಕ್ಕುಳದಲ್ಲಿ ಹಿಡಿದು ಕೂತು, ಎಡಗೈಯಲ್ಲಿ ತಿರುಗಿಸುತ್ತ, ಚಿಕ್ಕ ಸುತ್ತಿಗೆಯಿಂದ ಒಂದು ಕಡೆ ಟಕ್ ಎಂದು ತಟ್ಟುತ್ತಾನೆ. ಎದುರು ನಿಂತ ಹೆಂಡತಿ ಸಮ್ಮಟಿಗೆ ಎತ್ತಿ ಸರಿಯಾಗಿ ಅಲ್ಲಿಗೇ ಹೊಡೆಯುತ್ತಾಳೆ. ಬಾಯಲ್ಲಿ ಮಾತಿಲ್ಲ. ಅವನ ತಾಯಿ ಹೊಡೆದಳು, ಅವಳ ಅತ್ತೆ ಹೊಡೆದಳು. ಹೊಸ ಸೊಸೆ ಬಂದಾಗ ಒಂದು ದಿನ ನೋಡಿ ಕೊರಡನ್ನು ಅಗೆದು ತೆಗೆಯುತ್ತಿದ್ದರು. ಸೊಸೆ ಬರಿಗಾಲಲ್ಲಿ ಸಮ್ಮಟಿಗೆಯ ಮರದ ಕಾವು ಹಿಡಿದು, ಕೈ ಇಳಿಬಿಟ್ಟು ನಿಲ್ಲಬೇಕು. ಸಮ್ಮಟಿಗೆಯ ತಲೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಅಡಿಗಲ್ಲು. ಮದುವೆಯಾದ ಒಂಬತ್ತನೆಯ ದಿನ ಸುಂದ್ರಮ್ಮನನ್ನು ಮಾವ ಹಾಗೆ ನಿಲ್ಲಿಸಿದ್ದ. ಗುಂಡಿಗೆ ಒಂದೊಂದೇ ಬೊಗಸೆ ಮರಳು ಹಾಕುತ್ತ, ಕೊರಡು ಇಳಿಸುತ್ತ, ಎತ್ತುತ್ತ, ಇಡೀ ಬೆಳಿಗ್ಗೆ ಅದೇ ಆಗಿತ್ತು. ಹದಿನೇಳು ವರ್ಷದ ಹುಡುಗಿಗೆ ನಾಚಿಕೆಯಾಗಿ ತಲೆ ಎತ್ತಿರಲಿಲ್ಲ. ತಾಳಿ ಕಟ್ಟಿದ ದಿನ ಯಾರೂ ತನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ ಎಂದು ಅಕ್ಕನ ಹತ್ತಿರ ಆಮೇಲೆ ಹೇಳಿಕೊಂಡಿದ್ದಳು.

ಮೂಗಯ್ಯ ಎರಡು ಎಕರೆಗೆ ಅರಿಸಿನ ಹಾಕಿದ್ದ. ಗೆಡ್ಡೆ ಅಗೆಯಲು ಎರಡು ಹಲ್ಲಿನ ಗುದ್ದಲಿ ಹನ್ನೆರಡು ಬೇಕು, ಹದಿನೈದು ದಿನದೊಳಗೆ ಎಂದು ಹೇಳಿಹೋಗಿದ್ದ. ಸೋಮವಾರ ಪೂಜೆ ಮಾಡಿ, ನಿಂಬೆಹಣ್ಣು ಕುಯ್ದು, ಹೊಸ ಅಡಿಗಲ್ಲಿನ ಮೇಲೆ ಮೊದಲ ಕಬ್ಬಿಣ ಇಟ್ಟರು. ದೊರೆಸ್ವಾಮಿ ನಿಂತಿದ್ದ. ಅವತ್ತು ಅವನು ಹೊಸ ಶರಟು ಹಾಕಿಕೊಂಡಿದ್ದ.

ಸುಂದ್ರಮ್ಮ ಸಮ್ಮಟಿಗೆ ಎತ್ತಿದಳು. ಮೇಲೆ ಹೋಗುವಾಗ ಸರಿಯಾಗಿಯೇ ಹೋಯಿತು. ಇಳಿಯುವಾಗ, ಅವಳ ತೋಳಿಗೆ ಗೊತ್ತಿದ್ದ ದಾರಿ ಅರ್ಧಕ್ಕೇ ಮುಗಿದು, ಸಮ್ಮಟಿಗೆಯ ಅಂಚು ಕಬ್ಬಿಣಕ್ಕೆ ಓರೆಯಾಗಿ ಬಿತ್ತು. ಪೆಟ್ಟು ಕಬ್ಬಿಣಕ್ಕೆ ಹೋಗದೆ ಭುಜಕ್ಕೆ ವಾಪಸು ಬಂತು. ಮತ್ತೆ ಎತ್ತಿದಳು. ಹತ್ತು ಪೆಟ್ಟಿನಲ್ಲಿ ಆಗುವುದು ಇಪ್ಪತ್ತಾದರೂ ಆಗಲಿಲ್ಲ. ಅಷ್ಟರಲ್ಲಿ ಕೆಂಪಗಿದ್ದದ್ದು ಕಪ್ಪಾಯಿತು. ಮತ್ತೆ ಕುಲುಮೆಗೆ ತುರುಕಿದರು.

"ನಾಕ್ ದಿನ ನೆಂಟ್ರ ಮನೇಲಿ ಉಂಡ್ಕಂಡು ಕೈ ಮೆತ್ತಗಾಗವ," ಅಂದ ದೊರೆಸ್ವಾಮಿ.

"ಕೈ ಅಂಗೇ ಅವ. ಕಲ್ಲು ಎತ್ರ ಆಗದ."

"ಎತ್ರ ಎತ್ರ ಅಂತ ಅದೊಂದೇ ರಾಗ. ವಯಸ್ಸಾಯ್ತು ಅನ್ನು."

ದಿನಕ್ಕೆ ಎಂಟು ಗುದ್ದಲಿ ಆಗುವ ಕಡೆ ಅವತ್ತು ಮೂರಾದವು. ಆ ಮೂರನ್ನೂ ಸುಂದ್ರಮ್ಮ ಬಿಡದೆ, ನಾಲ್ಕು ನಾಲ್ಕು ಸಲ ಕಾಯಿಸಿ, ಹಲ್ಲಿನ ಬುಡ ಕೂರುವ ತನಕ ಹೊಡೆದಳು. ಸಂಜೆ ಅವಳಿಗೆ ಮುದ್ದೆಯ ಕೋಲು ತಿರುಗಿಸಲು ಕೈ ಏಳಲಿಲ್ಲ. ಭಾಗ್ಯ ತಿರುಗಿಸಿದಳು, ಗಂಟಾಯಿತು. ದೊರೆಸ್ವಾಮಿ ಹಿಟ್ಟಿನ ಗಂಟುಗಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಇಡುತ್ತ ಉಂಡ.

ಕಡೆಗೆ ಭಾಗ್ಯಳೇ, ಅವ್ವ ನಿಲ್ಲುವುದಕ್ಕೆ ಎರಡು ಸೈಜುಗಲ್ಲು ಹಾಕಿದರೆ ಆಗಬಹುದಲ್ಲ ಎಂದು ಹೇಳಿದಳು. ಕಾಲೇಜಿನಲ್ಲಿ ಓದಿದ್ದಕ್ಕೆ ಸಾರ್ಥಕ ಆಯಿತು ಎಂದು ದೊರೆಸ್ವಾಮಿಗೆ ಬಹಳ ಖುಷಿಯಾಯಿತು. ಮಾರನೆಯ ದಿನ ಕಲ್ಲು ಬಂದವು. ಸುಂದ್ರಮ್ಮ ಸೀರೆ ಎತ್ತಿ ಕಟ್ಟಿ ಮೇಲೆ ಹತ್ತಿದಳು. ಎತ್ತರ ಸರಿಹೋಯಿತು. ಆದರೆ ಸಮ್ಮಟಿಗೆ ಹೊಡೆಯುವವಳ ಕಾಲು ಒಂದೇ ಕಡೆ ಇರುವುದಿಲ್ಲ. ಕಿಡಿ ಹಾರಿದರೆ ಹಿಂದೆ ಸರಿಯಬೇಕು, ಕಬ್ಬಿಣ ತಿರುಗಿಸಿದರೆ ಪಕ್ಕಕ್ಕೆ ಸರಿಯಬೇಕು. ಅವಳು ಹತ್ತಿದಳು, ಇಳಿದಳು, ಹತ್ತಿದಳು. ಐದನೆಯದೋ ಆರನೆಯದೋ ಸಲ ಕಲ್ಲು ಮಗುಚಿತು. ಅವಳು ಮೊಣಕಾಲ ಮೇಲೆ ಬಿದ್ದಳು. ಕೈಯಲ್ಲಿದ್ದ ಸಮ್ಮಟಿಗೆ ಅಡಿಗಲ್ಲಿನ ಕೊಂಬಿಗೆ ತಾಗಿ ಕೆಳಗುರುಳಿತು.

ದೊರೆಸ್ವಾಮಿ ಇಕ್ಕುಳ ಬಿಟ್ಟು ಓಡಿಬಂದ. ಬಂದವನು ಮೊದಲು ಕೊಂಬನ್ನು ಸವರಿ ನೋಡಿದ. ಆಮೇಲೆ ಅವಳ ಕಡೆ ತಿರುಗಿ, ಪೆಟ್ಟಾಯಿತಾ ಎಂದು ಕೇಳಿದ.

ಸುಂದ್ರಮ್ಮ ಎದ್ದಳು. ಸೀರೆಯ ಮಸಿ ಕೊಡವಿದಳು. ಸಮ್ಮಟಿಗೆಯನ್ನು ಗೋಡೆಗೆ ಒರಗಿಸಿ, ಹಿತ್ತಲ ತೊಟ್ಟಿಯಲ್ಲಿ ಮೊಣಕಾಲು ತೊಳೆದುಕೊಂಡು ಒಳಗೆ ಹೋದಳು. ಕಬ್ಬಿಣ ಇನ್ನೂ ಕಾಯುತ್ತಿದೆ ಎಂದು ಅವನು ಎರಡು ಸಲ ಕೂಗಿದ.

ಮಾರನೆಯ ದಿನ ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಂಡಳು. ಮೂಗಯ್ಯನ ಹೊಲದಲ್ಲಿ ಅರಿಸಿನದ ಒಣಗಿದ ಸೊಪ್ಪು ಕುಯ್ಯಲು ಆಳುಗಳು ಬೇಕಾಗಿದ್ದರು. ದೊಡ್ಡಮಾದಮ್ಮ ಜಗಲಿಯಿಂದ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಕುಲುಮೆ ಮನೆ ಹೆಂಗ್ಸು ಕಂಡೋರ್ ಹೊಲಕ್ಕ ಕೂಲಿಗೋಗದ? ನಾವ್ ಕುಡ್ಲು ಮಾಡಿ ಕೊಡೋರು ಕಣಮ್ಮಿ, ಹಿಡಿಯೋರಲ್ಲ."

"ಮಾಡಿ ಕೊಡೋ ಕೆಲ್ಸ ನಿಮ್ ಮಗ ಸಿಮೆಂಟಾಕಿ ಮುಚ್ಬುಟ್ಟ ಅತ್ತೆ."

"ಗಂಡ ಅಂದ್ಮೇಲ ಒಂದ್ ಮಾತ್ ಬತ್ತದ ಓಯ್ತದ."

"ಅವ್ನೇನೂ ಅಂದಿಲ್ಲ ಕಣತ್ತೆ. ಏನಾರ ಅಂದಿದ್ರ ನಾನೂ ಅಂತಿದ್ದಿ."

ಮುದುಕಿ ಸೊಸೆಯ ಮುಖ ನೋಡಿ ದಾರಿ ಬಿಟ್ಟಳು.

ಗುದ್ದಲಿ ಇನ್ನೂ ಒಂಬತ್ತು ಆಗಬೇಕಾಗಿತ್ತು. ದೊರೆಸ್ವಾಮಿ ಚಿಕ್ಕಬಸವಯ್ಯನನ್ನು ಕರೆತಂದ. ಚಾಮರಾಜನಗರದ ಕಡೆಯ ಕರಿಕಲ್ಲಿನ ಕ್ವಾರಿಯಲ್ಲಿ ಹದಿನೈದು ವರ್ಷ ಬಂಡೆ ಒಡೆದವನು, ಆರಡಿ ಆಳು. ಎತ್ತರ ಅವನಿಗೆ ಒಂದು ಲೆಕ್ಕವೇ ಅಲ್ಲ. ನೋಡಿದಿರಾ, ಅಡಿಗಲ್ಲಿನ ತಪ್ಪಲ್ಲ ಎಂದು ದೊರೆಸ್ವಾಮಿ ಮನೆಯವರಿಗೆಲ್ಲ ಕೇಳಿಸುವ ಹಾಗೆ ಹೇಳಿದ. ಮಧ್ಯಾಹ್ನ ಚಿಕ್ಕಬಸವಯ್ಯ ನಾಲ್ಕು ಮುದ್ದೆ ಉಂಡು, ಸಾರಿಗೆ ಹುಳಿ ಸಾಲದು ಅಂದ. ಅವನಿಗೆ ಮುದ್ದೆ ಮಾಡಿಟ್ಟೇ ಸುಂದ್ರಮ್ಮ ಹೊಲಕ್ಕೆ ಹೋಗಬೇಕಾಗಿತ್ತು. ತಾನು ಹೊಡೆಯುತ್ತಿದ್ದಾಗ ಕುಲುಮೆಗೆ ಒಂದು ಲೋಟ ನೀರು ತಂದುಕೊಟ್ಟವರಿಲ್ಲ, ಈಗ ನೋಡು ಎಂದು ಭಾಗ್ಯಳಿಗೆ ಹೇಳುತ್ತ, ಐದು ಗಂಟೆಗೇ ಎದ್ದು ಒಲೆ ಹಚ್ಚುತ್ತಿದ್ದಳು.

ಚಿಕ್ಕಬಸವಯ್ಯನ ಪೆಟ್ಟಿಗೆ ಬಲವಿತ್ತು, ಕಿವಿಯಿರಲಿಲ್ಲ. ದೊರೆಸ್ವಾಮಿ ಚಿಕ್ಕ ಸುತ್ತಿಗೆಯಿಂದ ಎಲ್ಲಿ ತಟ್ಟಿದರೂ ಅವನು ತನಗೆ ತೋಚಿದ ಕಡೆ ಬಂಡೆ ಸೀಳುವವನ ಹಾಗೆ ಹೊಡೆಯುತ್ತಿದ್ದ. ಇಲ್ಲಿ ಇಲ್ಲಿ ಎಂದು ಬಾಯಲ್ಲಿ ಕೂಗಿ ಕೂಗಿ ದೊರೆಸ್ವಾಮಿಯ ಗಂಟಲು ಕಟ್ಟಿತು. ಎರಡನೆಯ ದಿನವೇ ಅವನು ಗಿಡ್ಡ ಇಕ್ಕುಳ ಬಿಟ್ಟು ಉದ್ದನೆಯದನ್ನು ಹಿಡಿದ. ಕೈ ದೂರ ಇರಲಿ ಎಂದು. ನಾಲ್ಕನೆಯ ದಿನ ಒಂದು ಪೆಟ್ಟು ಕಬ್ಬಿಣವನ್ನೇ ಬಿಟ್ಟು ಅಡಿಗಲ್ಲಿನ ಅಂಚಿಗೆ ಬಿತ್ತು. ಕಡಲೆಕಾಳಿನಷ್ಟು ಚಕ್ಕೆ ಹಾರಿ ಎಲ್ಲೋ ಹೋಯಿತು.

ಆ ಚಕ್ಕೆಯನ್ನು ದೊರೆಸ್ವಾಮಿ ಬೂದಿಯಲ್ಲಿ ಅರ್ಧ ಗಂಟೆ ಹುಡುಕಿದ. ಅವತ್ತು ಊಟ ಮಾಡಲಿಲ್ಲ. ಅಂಗಡಿಯ ಕಾಯಿನ್ ಬೂತಿನಿಂದ ಗುಂಡ್ಲುಪೇಟೆಗೆ ಫೋನು ಮಾಡಿ, ನೀವು ಕೊಟ್ಟ ಮಾಲು ಸರಿಯಿಲ್ಲ ಎಂದು ರೇಗಾಡಿದ.

ಭಾನುವಾರ ಖಲೀಲ್ ಸಾಬರೇ ಬಂದರು. ಚಾಮರಾಜನಗರದಲ್ಲಿ ಅವರ ನೆಂಟರ ಮನೆಯಲ್ಲಿ ನಿಖಾ ಇತ್ತಂತೆ, ದಾರಿಯಲ್ಲಿ ಇಳಿದರು. ಬಿಳಿ ಶರಟು, ಅತ್ತರಿನ ವಾಸನೆ. ಕುಲುಮೆಗೆ ಕಾಲಿಟ್ಟವರು ಕಟ್ಟೆಯನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಕಿಸೆಯ ಬೀಗದ ಕೈಯಿಂದ ಅಡಿಗಲ್ಲನ್ನು ಒಮ್ಮೆ ತಟ್ಟಿ ಕಿವಿಗೊಟ್ಟರು.

"ಆಚಾರ್ರೇ, ಯಾರ್ರೀ ಇದನ್ನ ಸಿಮೆಂಟಲ್ಲಿ ಹೂತಿದ್ದು? ಕೆಳಗೆ ಮರ ಇರಬೇಕಲ್ಲ. ಪೆಟ್ಟು ಕುಡಿಯೋಕೆ ಏನೂ ಇಲ್ದೆ ಎಲ್ಲ ವಾಪಸ್ ಬರ್ತದೆ. ಅಂಚು ಹಾರದೆ ಇನ್ನೇನಾಗ್ತದೆ?"

"ನಿಮ್ ವರ್ಕ್‌ಶಾಪಲ್ಲೂ ಕಟ್ಟೆ ಇತ್ತಲ್ಲ ಸಾಬ್ರೆ."

"ಕಟ್ಟೆ ಹೊರಗೆ ರೀ, ಒಳಗೆ ಬೇವಿನ ದಿಮ್ಮಿ ಇದೆ. ಮತ್ತೆ ಅದು ನಮ್ಮ ಮಗ ಫಹೀಮನ ಎತ್ತರಕ್ಕೆ ಮಾಡ್ಸಿದ್ದು, ಅವ್ನೇ ಹೊಡಿಯೋದು." ಅವರು ಸುತ್ತ ನೋಡಿದರು. "ನಿಮ್ಮಲ್ಲಿ ಯಾರು ಹೊಡೀತಾರೆ?"

ಸುಂದ್ರಮ್ಮ ಟೀ ಲೋಟದ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು.

"ಆಳೊಬ್ಬ ಅವನೆ," ಅಂದ ದೊರೆಸ್ವಾಮಿ.

ಅವಳು ಒಂದು ಲೋಟವನ್ನು ಸಾಬರ ಕೈಗೆ ಕೊಟ್ಟಳು. ಇನ್ನೊಂದನ್ನು ಗಂಡನಿಗೆ ಕೊಡದೆ ಅಡಿಗಲ್ಲಿನ ಮೇಲಿಟ್ಟು ಹೋದಳು. ಅದರ ಮೇಲೆ ಏನನ್ನೂ ಇಡಬಾರದು, ಎಂಜಲಾಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೊರೆಸ್ವಾಮಿ ಲೋಟವನ್ನು ಬೇಗ ಎತ್ತಿಕೊಂಡ. ಕೈ ಸುಟ್ಟಿತು.

ಸಾಬರು ಹೋದ ಮೇಲೂ ಅವನು ಕಟ್ಟೆಯನ್ನು ಮುಟ್ಟಲಿಲ್ಲ. ಸಾಬರಿಗೆ ವಯಸ್ಸಾಗಿದೆ, ಅವರ ಕಾಲದ ಮಾತು, ಈಗೆಲ್ಲ ಸಿಮೆಂಟೇ ಅಂದ. ಉಳಿದ ಗುದ್ದಲಿಗಳನ್ನು ಚಿಕ್ಕಬಸವಯ್ಯನ ಕೈಯಲ್ಲೇ ಹೊಡೆಸಿ ಮೂಗಯ್ಯನಿಗೆ ಒಪ್ಪಿಸಿದ. ಸರಿಯಾಗಿ ಕೂರದ ಪೆಟ್ಟುಗಳ ಗುರುತು ಕಾಣದಿರಲೆಂದು ಎಲ್ಲಕ್ಕೂ ಕರಿ ಎಣ್ಣೆ ಸವರಿದ್ದ.

ಸೊಪ್ಪು ಕುಯ್ಯುವುದು ಮುಗಿದು ಅಗೆತ ಶುರುವಾಯಿತು. ಹೆಂಗಸರಿಗೆಲ್ಲ ಒಂದೊಂದು ಗುದ್ದಲಿ ಹಂಚಿದರು. ಸುಂದ್ರಮ್ಮನಿಗೆ ಸಿಕ್ಕಿದ್ದನ್ನು ಅವಳು ತಿರುಗಿಸಿಯೂ ನೋಡಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಅದರ ಎರಡು ಹಲ್ಲುಗಳು ಗೆಡ್ಡೆಗೆ ಸಿಕ್ಕಿ ಕಾಲು ಚಾಚಿದ ಹಾಗೆ ಅಗಲಿಸಿಕೊಂಡವು. ಪಕ್ಕದ ಸಾಲಿನಲ್ಲಿ ಮತ್ತೊಂದು, ಆಚೆ ಇನ್ನೊಂದು. ಹೆಂಗಸರು ನಕ್ಕರು. ಯಜಮಾನರು ಸಾರಿಗೆ ಸೌಟು ಮಾಡಿ ಕಳಿಸಿದ್ದಾರಾ ಆಚಾರಮ್ಮ ಎಂದು ಒಬ್ಬಳು ಕೇಳಿದಳು. ಸುಂದ್ರಮ್ಮ ಬಾಗಿದ ಹಲ್ಲನ್ನು ಬದುವಿನ ಕಲ್ಲಿಗೆ ಹೊಡೆದು ನೆಟ್ಟಗೆ ಮಾಡಿಕೊಂಡು ಮತ್ತೆ ಅಗೆದಳು. ಬೈಗುಳ ಅವಳ ಬಾಯಿಯ ತನಕ ಬಂದು ನಿಂತಿತ್ತು. ಯಾರನ್ನು ಬೈದರೂ ಅದು ತನ್ನ ಮನೆಗೇ ಹೋಗಿ ತಲುಪುತ್ತಿತ್ತು.

ಸಂಜೆ ಮೂಗಯ್ಯ ಗೋಣಿಚೀಲವನ್ನು ದೊರೆಸ್ವಾಮಿಯ ಜಗಲಿಯ ಮೇಲೆ ಸುರಿದ. ಒಂಬತ್ತು ಗುದ್ದಲಿ ಉರುಳಿದವು.

"ಮೂರ್ ಮಾತ್ರ ನೆಟ್ಟಗವ, ಅವ ಹೊಲದಲ್ಲೇ ಅವ. ಇವ್ನ ನೀನೇ ಇಟ್ಗ."

"ಕಬ್ಬಿಣ ಸರಿ ಇರ್ಲಿಲ್ಲ ಮೂಗಣ್ಣ."

"ಕಬ್ಬಿಣ ಎಲ್ಲಾ ಒಂದೇ ಲಾರಿದು ಅಂತ ನೀನೇ ಯೋಳ್ದೆ. ಆಚಾರಮ್ಮ ಹೊಡ್ದಿದ್ದು ಮೂರು ಅಂತಲೂ ಊರಿಗೇ ಗೊತ್ತು. ಒಂಬತ್ನೂ ಅವ್ರ ಕೈಲೇ ಹೊಡ್ಸಿ ಕೊಟ್ರ ಕೊಡು. ಇಲ್ದೆ ಇದ್ರ ನಾಳಿದ್ದು ಗುಂಡ್ಲುಪೇಟೆ ಅಂಗಡೀಲಿ ತತ್ತಿನಿ."

ಮೂಗಯ್ಯ ಹೋದ. ಒಳಗೆ ಸುಂದ್ರಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿದು ನಿಂತಿತು. ಆಮೇಲೆ ದೊಡ್ಡಮಾದಮ್ಮ ಎಲೆಯ ರಸವನ್ನು ಉಗಿದು ಬಾಯಿ ಒರೆಸಿಕೊಂಡಳು.

"ನಿಮ್ಮಪ್ಪ ನನ್ ನಿಲ್ಸಿ ಅಳತೆ ತಕ್ಕಂಡ. ಇವಳ್ನೂ ನಿಲ್ಸಿ ತಕ್ಕಂಡ. ನೀನು ಗುಂಡ್ಲುಪೇಟೆ ಸಾಬ್ರ ಮಗನ ಅಳತೆ ತಂದು ಮನೇಲಿ ನೆಟ್ಟೆ. ಅಂಗಾದ್ರ ಅವನ್ನೇ ಕರ್ಕಬಂದು ಸಂಸಾರ ಮಾಡ್ಲಾ."

"ನೀನೂ ಸುರು ಮಾಡ್ಬೇಡ ಕಣವ್ವ."

"ನಾನ್ ಮುಗ್ಸ್‌ತಾ ಇವ್ನಿ. ಸುರು ಮಾಡ್ದೋನು ನೀನು."

ಎರಡು ದಿನ ಕುಲುಮೆ ಹಚ್ಚಲಿಲ್ಲ. ದೊರೆಸ್ವಾಮಿ ಜಗಲಿಯ ಮೇಲೆ ಕೂತು ಬೀಡಿ ಸೇದಿದ. ಅಡಿಗಲ್ಲು ನೋಡಲು ಹೊಮ್ಮದಿಂದ ಬಂದಿದ್ದ ನೆಂಟನೊಬ್ಬನಿಗೆ ಇವತ್ತು ಅಮಾವಾಸ್ಯೆ, ಮುಟ್ಟುವ ಹಾಗಿಲ್ಲ ಎಂದು ಸುಳ್ಳು ಹೇಳಿ ಕಳಿಸಿದ. ಅಮಾವಾಸ್ಯೆ ಕಳೆದು ವಾರವಾಗಿತ್ತು. ಭಾಗ್ಯ ಇದನ್ನು ಅಡುಗೆಮನೆಯಲ್ಲಿ ಹೇಳಿ ನಕ್ಕಳು. ಸುಂದ್ರಮ್ಮ ನಗಲಿಲ್ಲ. ಅವಳಿಗೆ ಹದಿನೈದು ದಿನದಿಂದ ಭುಜ ನೊಂದು ರಾತ್ರಿ ಬಲಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮೂರನೆಯ ಬೆಳಿಗ್ಗೆ ಅವಳು ಹೊಲಕ್ಕೆ ಹೊರಟ ಮೇಲೆ ಅವನು ಉಳಿ ಸುತ್ತಿಗೆ ತೆಗೆದುಕೊಂಡು ಕಟ್ಟೆಯ ಮುಂದೆ ಕೂತ. ಗಾರೆಯವನು ಒಳ್ಳೆಯ ಕೆಲಸಗಾರ, ಸಿಮೆಂಟು ಕಡಿಮೆ ಮಾಡಿರಲಿಲ್ಲ. ಒಂದು ಗಂಟೆ ಹೊಡೆದರೆ ಒಂದು ಹಿಡಿ ಪುಡಿ ಬಂತು. ಅಷ್ಟರಲ್ಲಿ ತನ್ನ ಕೂಲಿ ಬಾಕಿ ಕೇಳಲು ಚಿಕ್ಕಬಸವಯ್ಯ ಬಂದ. ಇದೇನು ಮಹಾ, ಬಂಡೆಯನ್ನೇ ಸೀಳಿದವನು ನಾನು, ನೀವು ಉಳಿ ಹಿಡಿಯಿರಿ ಆಚಾರ್ರೇ ಎಂದು ಸಮ್ಮಟಿಗೆ ಎತ್ತಿದ. ದೊರೆಸ್ವಾಮಿ ಅಡಿಗಲ್ಲಿನ ಪಾದದ ಬಳಿ ಉಳಿ ಇಟ್ಟು ಹಿಡಿದ. ತಲೆ ಎತ್ತಿ ಮೇಲೆ ನೋಡಿದ. ಕೈ ತೆಗೆದುಬಿಟ್ಟ. ಉಳಿ ಬಿತ್ತು. ಮತ್ತೆ ಇಟ್ಟ. ಮತ್ತೆ ತಾನಾಗಿಯೇ ಕೈ ಹಿಂದಕ್ಕೆ ಬಂತು. ಮೂರನೆಯ ಸಲ ಚಿಕ್ಕಬಸವಯ್ಯ ಸಮ್ಮಟಿಗೆ ಇಳಿಸಿ, ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಕೂಲಿ ಕೊಟ್ಟು ಕಳಿಸಿ ಅಂದ.

ಅವನನ್ನು ಕಳಿಸಿ ದೊರೆಸ್ವಾಮಿ ಉಳಿಯನ್ನು ಎತ್ತಿಟ್ಟ. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಮೂಗಯ್ಯನ ಹೊಲದ ಕಡೆ ನಡೆದ.

ಹೊಲದಲ್ಲಿ ಹೆಂಗಸರು ಎರವಲು ತಂದ ಗುದ್ದಲಿಗಳಲ್ಲಿ ಸಾಲು ಹಿಡಿದಿದ್ದರು. ಅವನು ಬದುವಿನ ಮೇಲೆ ನಿಂತ. ಸುಂದ್ರಮ್ಮ ಅವನನ್ನು ನೋಡಿಯೂ ಅಗೆಯುವುದು ನಿಲ್ಲಿಸಲಿಲ್ಲ. ಉಳಿದವರು ನಿಲ್ಲಿಸಿದರು.

"ಇವಳೇ, ಮನಗ ಬಾ."

"ಯಾಕ?"

"ಸಿಮೆಂಟು ಒಡೀಬೇಕು."

"ಆಳೊಬ್ಬ ಅವನಲ್ಲ, ಅವನ್ನೇ ಕರಿ."

ಅವನು ಟವೆಲಿನಿಂದ ಕತ್ತು ಒರೆಸಿಕೊಂಡ. ಹೆಂಗಸರ ಕಡೆ ಒಮ್ಮೆ ನೋಡಿದ. ಅವರು ಯಾರೂ ಬೇರೆ ಕಡೆ ತಿರುಗಲಿಲ್ಲ.

"ಅವ್ನ್ ಕೈಲಿ ಸಮ್ಟಿಗೆ ಇದ್ರ ನಾ ಉಳಿ ಹಿಡಿಯಕ್ಕಾಗದಿಲ್ಲ," ಅಂದ.

"ಸಾಬ್ರ ಮುಂದ ಯೋಳ್ಬೇಕಾಗಿತ್ತು ಈ ಮಾತ."

"ಯೋಳ್ಬೇಕಾಗಿತ್ತು."

ಸುಂದ್ರಮ್ಮ ಒಂದು ಗೆಡ್ಡೆಯನ್ನು ಕಿತ್ತು ಮಣ್ಣು ಕೊಡವಿ ಗುಡ್ಡೆಗೆ ಎಸೆದಳು. ಕೂಲಿ ಮೂರು ಗಂಟೆಗೆ ಮುಗಿಯುತ್ತದೆ, ಅರ್ಧಕ್ಕೆ ಬಿಟ್ಟು ಬರಲು ಇದು ನಮ್ಮ ಹೊಲವಲ್ಲ ಎಂದಳು. ಅವನು ಹೋಗಲಿಲ್ಲ. ಬದುವಿನ ಹೊಂಗೆ ಮರದ ಕೆಳಗೆ ಕೂತ. ಮಧ್ಯಾಹ್ನ ಅವಳ ಬುತ್ತಿಯಲ್ಲಿ ಅರ್ಧ ಮುದ್ದೆ ಅವನಿಗೂ ಸಿಕ್ಕಿತು. ಕೊಡುವಾಗ ಅವಳು ಅವನ ಮುಖ ನೋಡಲಿಲ್ಲ. ಅವನು ಉಂಡು, ಉಪ್ಪು ಕಮ್ಮಿ ಅಂದ. ಅಂದ ಮೇಲೆ ಅನ್ನಬಾರದಿತ್ತು ಎಂದು ಗೊತ್ತಾಗಿ ನೀರು ಕುಡಿದ.

ಮನೆಗೆ ಬಂದವಳು ಕೈಕಾಲು ತೊಳೆದಳು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಕಾಲೇಜಿನಿಂದ ಬಂದಿದ್ದ ಭಾಗ್ಯ ಪುಸ್ತಕ ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು. ದೊಡ್ಡಮಾದಮ್ಮ ಗೋಡೆ ಹಿಡಿದುಕೊಂಡು ಬಂದು ಉರುಳಿಸಿಟ್ಟಿದ್ದ ಹಳೆಯ ಕೊರಡಿನ ಮೇಲೆ ಕೂತಳು.

ದೊರೆಸ್ವಾಮಿ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಅಡಿಗಲ್ಲಿನ ಪಾದಕ್ಕೆ ಮೆತ್ತಿದ್ದ ಸಿಮೆಂಟಿಗೆ ಉಳಿ ಇಟ್ಟ. ಬರಿಗೈಯಲ್ಲಿ, ಮುಷ್ಟಿ ಕಟ್ಟಿ ಹಿಡಿದ. ಆ ಜಾಗ ಅವಳ ಮೊಣಕಾಲಿಗಿಂತ ತುಸು ಮೇಲಕ್ಕಿತ್ತು. ಸುಂದ್ರಮ್ಮ ಸಮ್ಮಟಿಗೆ ಎತ್ತಿದಳು. ಅವನು ತಲೆ ಎತ್ತಲಿಲ್ಲ. ಉಳಿಯ ಮೊನೆಯನ್ನೇ ನೋಡುತ್ತಿದ್ದ. ಅವಳ ಭುಜ ನೊಂದಿತು, ಆದರೆ ತೋಳಿಗೆ ಗೊತ್ತಿದ್ದ ದಾರಿ ಈ ಸಲ ಕೊನೆಯ ತನಕ ಸಿಕ್ಕಿತು. ಪೆಟ್ಟು ಉಳಿಯ ನೆತ್ತಿಗೆ ನೇರವಾಗಿ ಬಿತ್ತು. ಅವನು ಉಳಿಯನ್ನು ಒಂದು ಬೆರಳು ಜರುಗಿಸಿದ. ಅವಳು ಹೊಡೆದಳು. ಮತ್ತೆ ಜರುಗಿಸಿದ. ಹತ್ತನೆಯದೋ ಹನ್ನೊಂದನೆಯದೋ ಪೆಟ್ಟಿಗೆ ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

"ಎಷ್ಟ್ ಇಳಿಸ್ಬೇಕು?" ಎಂದು ಅವನು ಕೇಳಿದ. ಕಣ್ಣು ಇನ್ನೂ ಉಳಿಯ ಮೇಲೇ ಇತ್ತು.

ಸುಂದ್ರಮ್ಮ ಸಮ್ಮಟಿಗೆ ಊರಿ ಉಸಿರು ತೆಗೆದುಕೊಂಡಳು.

"ಈಗ್ಲೇ ಯೋಳಕ್ಕಾಗದಿಲ್ಲ. ಭುಜದ ನೋವು ಓಗ್ಲಿ, ಆಮೇಲ ನಿಂತು ನೋಡಾನ. ಅಲ್ಲೀಗಂಟ ಕಲ್ಲು ನೆಲದ ಮೇಲೇ ಬಿದ್ದಿರ್ಲಿ."

"ಮೂಗಣ್ಣನ ಒಂಬತ್ತು ಗುದ್ದಲಿ?"

"ಅಂಗಡೀಲಿ ತಕ್ಕತನ."

"ಊರವ್ರು ಏನಂದಾರು? ಅಷ್ಟ್ ದೊಡ್ ಅಡಿಗಲ್ಲು ತಂದು..."

"ಉಳಿ ನೆಟ್ಟಗ ಹಿಡ್ಕ," ಅಂದಳು ಸುಂದ್ರಮ್ಮ.

ಅವನು ನೆಟ್ಟಗೆ ಹಿಡಿದುಕೊಂಡ.